ಜಹಾರಾಳ ಎರಡನೇ ಸಾವು

ಅಮೆರಿಕದ ಹೂಸ್ಟನ್ ನಗರದಂಚಿನ ಕ್ಲಿಯರ್ ಲೇಕಿನ ಹವ್ಯಾಸಿ ರಂಗತಂಡಕ್ಕೆ ಅದೆಂಥ ಹುಚ್ಚು ಹಿಡಿದಿತ್ತೋ, 2004ರಲ್ಲಿ ಕೂತುಕೊಂಡು ಅಜ್ಜಂದಿರ ಕಾಲದ ಇಂಗ್ಲಿಷ್ ಗೀತನಾಟಕವೊಂದನ್ನು ಹುಡುಕಿ ತೆಗೆದಿತ್ತು. ಡೇರೆಗಳು, ಕುದುರೆ ಏರಿ ಬರುವ ಸರದಾರ, ಅವನಿಗೆ ಮನಸೋತ ದೊರೆಸಾನಿ. ಮೈಯೆಲ್ಲ ಬೆವರಿಳಿಯುವ ಹೂಸ್ಟನ್ನಿನಲ್ಲಿ ಒಣ ಮರುಭೂಮಿ!

ಧಾರವಾಡದ ತೃಪ್ತಿ ಸಾಫ್ಟ್‌ವೇರ್ ಕೆಲಸದ ನಡುವೆ ಆ ನಾಟಕದಲ್ಲಿ ಜಹಾರಾ ಆಗಿದ್ದಳು. ಸರದಾರನಿಗೆ ಬೀಳಬೇಕಾದ ಗುಂಡಿಗೆ ತಾನೇ ಎದೆಯೊಡ್ಡಿ, ಅವನ ತೊಡೆಯ ಮೇಲೆ ಹಾಡುತ್ತ ಸಾಯುವ ಹುಡುಗಿ. ಇಡೀ ನಾಟಕದಲ್ಲಿ ಅವಳಿಗಿದ್ದದ್ದು ಅದೊಂದೇ ಹಾಡು. ಅದಕ್ಕೂ ನಿರ್ದೇಶಕಿ ಹೆಲೆನ್ ಕಣ್ಣು ಹಾಕಿದ್ದಳು. ಹಾಡು ಉದ್ದವಾಯಿತು, ಇವತ್ತು ಜನ ಮೆಚ್ಚದಿದ್ದರೆ ಮುಂದಿನ ವಾರ ಆಸ್ಟಿನ್ನಿನಲ್ಲಿ ಜಹಾರಾ ಹಾಡದೆಯೇ ಸಾಯಲಿ ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಸಾಲದ್ದಕ್ಕೆ ಆಟ ನೋಡಲು ಅವ್ವ ಬಂದಿದ್ದಳು. ಮಲ್ಲವ್ವ ಮದುವೆಗೆ ಮುಂಚೆ ನಾಟಕ ಕಂಪನಿಯೊಂದರಲ್ಲಿ ನಾಯಕಿಯಾಗಿ ಊರೂರು ಮೆರೆದವಳು.

"ಅವ್ವಾ, ಇಲ್ಲಿ ಸುಮ್ನ ಕೂತು ನೋಡಬೇಕು. ಸೀಟಿ ಗೀಟಿ ಹೊಡಿಯೂದಿಲ್ಲ ಮತ್ತ."

"ಹೊಡಿಯೂದಿಲ್ಲ ತಗೋ," ಎಂದಿದ್ದಳು ಮಲ್ಲವ್ವ.

ಮಾತಿಗೆ ತಪ್ಪಲಿಲ್ಲ, ಸೀಟಿ ಹೊಡೆಯಲಿಲ್ಲ. ತೃಪ್ತಿ ಹೆದರಿ ಹೆದರಿ ಹಾಡಿ ಮುಗಿಸಿ, ಕತ್ತು ವಾಲಿಸಿ ಸತ್ತಳು. ಮರ್ಯಾದೆಗೆಂಬಂತೆ ನಾಲ್ಕು ಚಪ್ಪಾಳೆ ಬಿದ್ದವು. ಆಗ ಮುಂದಿನ ಸಾಲಿನಿಂದ ಆ ಹಳೇ ಗಂಟಲು ಮೊಳಗಿತು.

"ಒನ್ಸ್ ಮೋರ್!"

ಸಭೆಯೆಲ್ಲ ಕತ್ತು ಚಾಚಿ ನೋಡಿತು. ಯಾರೋ "ಶ್!" ಎಂದರು. ಮಲ್ಲವ್ವ ಎದ್ದು ನಿಂತು ಮತ್ತೆ ಕೂಗಿದಳು.

ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಎಂದರೆ ಅಪ್ಪಣೆ. ಸತ್ತ ಪಾತ್ರವೂ ಎದ್ದು ಹಾಡಬೇಕು, ಹಾಡಿ ಮತ್ತೆ ಸಾಯಬೇಕು. ಈ ಊರಿನವರಿಗೆ ಅದೇನು ಗೊತ್ತು? "ಅಲುಗಾಡಬೇಡ," ಎಂದು ಸರದಾರ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಪರದೆಯ ಮರೆಯಲ್ಲಿ ಹೆಲೆನ್ ತಲೆ ಮೇಲೆ ಕೈ ಹೊತ್ತು ನಿಂತಿದ್ದಳು. ಎದ್ದರೆ ಹಾಡು ಹೋಯಿತೆಂದೇ ಲೆಕ್ಕ. ಆದರೆ ಏಳದಿದ್ದರೆ, ಇಷ್ಟು ಜನರ ನಡುವೆ ಅವ್ವ ಒಬ್ಬಳೇ ಹುಚ್ಚಿಯಾಗಿ ನಿಂತಿರುತ್ತಾಳೆ.

ಎದ್ದಳು. ಸೆರಗಿನಂತಿದ್ದ ಮುಸುಕನ್ನು ಕೊಡವಿಕೊಂಡು, ಅವ್ವ ಹೇಳಿಕೊಟ್ಟಿದ್ದ ಹಾಗೆ ಸಭೆಗೆ ಕೈಮುಗಿದು, ವಾದ್ಯದವರತ್ತ ತಲೆಯಾಡಿಸಿದಳು. ಜನ ಘೊಳ್ಳೆಂದು ನಕ್ಕರು. ನಗಲಿ! ಹಾಡು ಹೇಗೂ ಹೋಯಿತು, ಇನ್ನು ಯಾರ ಭಯ? ಈ ಸಲ ಹೆಲೆನ್‌ಗಾಗಿ ಹಾಡಲಿಲ್ಲ, ಮುಂದಿನ ಸಾಲಿಗೆ ಹಾಡಿದಳು. ಎರಡನೇ ಚರಣಕ್ಕೆ ನಗು ನಿಂತಿತ್ತು. ಕೊನೆಯ ಸ್ವರವನ್ನು ಉಸಿರಿರುವಷ್ಟೂ ಎಳೆದು ಅವಳು ಸರದಾರನ ತೋಳಿಗೆ ಬಿದ್ದಾಗ, ಪಾಪ, ಅವನು ನಿಜವಾಗಿಯೂ ಅಳುತ್ತಿದ್ದ. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ದೊಡ್ಡ ಟೋಪಿಯವನೊಬ್ಬ "ಒನ್ಸ್ ಮೋರ್!" ಎಂದು ಕೂಗಿಯೂಬಿಟ್ಟ. ಸತ್ತು ಮಲಗಿದ್ದ ತೃಪ್ತಿಗೆ ಕುಣಿಯುವಷ್ಟು ಖುಷಿಯಾಯಿತು.

ಆಟ ಮುಗಿದ ಮೇಲೆ ಹೆಲೆನ್ ಬಿರಬಿರನೆ ಬಂದಳು. ತೃಪ್ತಿಯನ್ನು ದಾಟಿ ನೇರವಾಗಿ ಮಲ್ಲವ್ವನ ಕೈ ಹಿಡಿದುಕೊಂಡು ಏನೋ ಹೇಳಿದಳು.

"ಹಾಡು ಇರತೈತಂತ ಅವ್ವಾ! ಆಸ್ಟಿನ್ನಿಗೂ ಬಂದು ಹಿಂಗ ಕೂಗರಿ ಅನ್ನಾಕತ್ತಾಳ."

ಮಲ್ಲವ್ವ ತಲೆ ಅಲ್ಲಾಡಿಸಿದಳು.

"ಅಲ್ಲಿ ಮೊದಲ್ನೇ ಸಲನ ಛಲೋ ಹಾಡಿದ್ರ ಖುಷಿಗೆ ಕೂಗತೇನಿ. ಇವತ್ತು ಅಂಜಿ ಹಾಡಿದ್ದಿ. ನನ್ನ ಮಗಳು ಹಂಗ ಅಂಜಿಕೋತ ಸಾಯೂದು ನನಗ ಸೇರಲಿಲ್ಲ. ಅದಕ್ಕ ಎಬ್ಬಿಸಿದೆ."