ಪೋಲೆಂಡಿಗೆ ಹಾಕಿದ ಹಾರ

ಪ್ರಾರ್ಥನೆ ಮುಗಿಯುವ ಹೊತ್ತಿಗೇ ಇಂಪನಾ ಎರಡು ಸಲ ಗಡಿಯಾರ ನೋಡಿದ್ದಳು. ಪೋಲೆಂಡಿನ ಕಾಲೇಜು ಆನ್‌ಲೈನಿನಲ್ಲಿ ಸಿಗುವುದು ಒಂದೇ ಗಂಟೆ. ಅಷ್ಟರಲ್ಲಿ ಇಲ್ಲಿಂದ ಇವಳು, ಅಲ್ಲಿಂದ ಮಾರ್ತಾ, ಜೊತೆಯಾಗಿ ಮಾಡಿದ ಪ್ರಾಜೆಕ್ಟನ್ನು ಅಲ್ಲಿನ ಪ್ರೊಫೆಸರಮ್ಮನಿಗೆ ಒಪ್ಪಿಸಬೇಕು. ಇಬ್ಬರಲ್ಲಿ ಒಬ್ಬಳು ಮಾತಾಡದಿದ್ದರೂ ಇಬ್ಬರೂ ಫೇಲು.

ಆದರೆ ತುಮಕೂರಿನ ಈ ಕಾಲೇಜಿನಲ್ಲಿ ಕಾರ್ಯಕ್ರಮ ಅಂದರೆ ಕಾರ್ಯಕ್ರಮ. ಕಂಪ್ಯೂಟರಿನೊಳಗೆ ನಡೆದರೇನು, ದೀಪ ಬೆಳಗದೆ ಬಿಡುವುದುಂಟೆ? ಪ್ರಿನ್ಸಿಪಾಲ್ ಅನಂತರಾಜು ಶಾಮಿಯಾನ ಒಂದನ್ನು ಬಿಟ್ಟು ಮಿಕ್ಕೆಲ್ಲ ತರಿಸಿದ್ದರು. ದೀಪ ಆರಿತು, ಫ್ಯಾನು ನಿಲ್ಲಿಸಿ ಮತ್ತೆ ಹಚ್ಚಿದರು. ಫೋಟೋ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಹಚ್ಚಿದಂತೆ ನಿಂತರು. ಆಡಳಿತ ಮಂಡಳಿಯ ಶಿವರಾಮಯ್ಯನವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಟೀವಿಯಲ್ಲಿದ್ದ ಪ್ರೊಫೆಸರಮ್ಮನನ್ನು ಬರಿಗೊರಳಲ್ಲಿ ಕೂರಿಸುವುದು ಹೇಗೆ? ಟೀವಿಗೇ ಒಂದು ಹಾರ ಹಾಕಿದರು. ಹಾರ ಹಾಕಿದ ಪಟದಲ್ಲಿರುವವರು ಯಾರೆಂದು ಎಲ್ಲರಿಗೂ ಗೊತ್ತು. ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಗು ಎದ್ದಿತು. ಇಂಪನಾಳಿಗೆ ನಗು ಬರಲಿಲ್ಲ.

ಶಿವರಾಮಯ್ಯ ಮೈಕು ಹಿಡಿದರು. "ನಾವು ಕುಣಿಗಲ್‌ನಲ್ಲಿ ಓದೋವಾಗ ಪೋಲೆಂಡ್ ಎಲ್ಲಿದೆ ಅಂತಾನೇ ಗೊತ್ತಿರ್ಲಿಲ್ಲ..." ಪೋಲೆಂಡಿನವರು ಅರ್ಥವಾಗದ ಕನ್ನಡಕ್ಕೆ ತಲೆಯಾಡಿಸುತ್ತ ಕೂತಿದ್ದರು. ಕುಣಿಗಲ್ ಮುಗಿಯುವ ಹಾಗೆ ಕಾಣಲಿಲ್ಲ.

"ಮೇಡಂ, ಟೈಮ್ ಆಗೋಗ್ತಿದೆ. ಸಾರ್‌ಗೆ ಹೇಳಿ, ಪ್ಲೀಸ್," ಎಂದಳು ಇಂಪನಾ, ಪ್ರಾಜೆಕ್ಟಿನ ಹೊಣೆ ಹೊತ್ತ ಸುಧಾ ಮೇಡಂ ಕಿವಿಯಲ್ಲಿ.

"ನಾನೇನ್ ಹೇಳ್ಲಿ ಕಣೇ? ದೊಡ್ಡೋರು ಮಾತಾಡ್ತಿದಾರೆ. ಸುಮ್ನೆ ಕೂತ್ಕೋ."

ಸುಮ್ಮನೆ ಕೂರುವುದು! ವಾರಗಟ್ಟಲೆ ಗುಬ್ಬಿ ಹತ್ತಿರದ ನಾರಿನ ಮಿಲ್ಲಿನಲ್ಲಿ ಧೂಳು ಕುಡಿದವಳು ಅವಳು. ತೆಂಗಿನ ಸಿಪ್ಪೆಯ ಪುಡಿಯಿಂದ ಉಪ್ಪು ಹೋಗುವವರೆಗೆ ಹೇಗೆ ತೊಳೆಯುತ್ತಾರೆ, ಆ ನೀರು ಎಲ್ಲಿಗೆ ಹರಿಯುತ್ತದೆ ಎಂದು ನೋಡಿ ಬಂದಿದ್ದಳು. ಅಂಥ ಪುಡಿಯಲ್ಲೇ, ಮಣ್ಣಿನ ಬದಲಿಗೆ, ಮಾರ್ತಾಳ ಊರಿನವರು ಟೊಮೆಟೊ ಬೆಳೆಯುತ್ತಾರೆ. ಮಾರ್ತಾ ಆ ತುದಿಯನ್ನು ನೋಡಿಕೊಂಡಿದ್ದಳು.

ಕೊನೆಗೆ ಪ್ರೊಫೆಸರಮ್ಮನೇ ಬಾಯಿಬಿಟ್ಟರು. ಮುಂದಿನ ಕ್ಲಾಸಿದೆ, ಕ್ಷಮಿಸಿ ಎಂದರು. ಪ್ರಿನ್ಸಿಪಾಲರು ಜೋರಾಗಿ ಚಪ್ಪಾಳೆ ತಟ್ಟಿದರು, ಟೀವಿ ಕಪ್ಪಾಯಿತು. ಆಮೇಲೆ ವಂದನಾರ್ಪಣೆ ಸಾಂಗವಾಗಿ ನಡೆಯಿತು.

ಇಂಪನಾ ಕಾರಿಡಾರಿಗೆ ಬಂದು ಸಿಟ್ಟಿಗೇ ಅತ್ತುಬಿಟ್ಟಳು. ಆಗಲೇ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಮಾರ್ತಾ, ಪಕ್ಕದಲ್ಲಿ ಪುಸ್ತಕ ಎದೆಗವಚಿಕೊಂಡು ಪ್ರೊಫೆಸರಮ್ಮ. ಮಾರ್ತಾ ತನ್ನ ಭಾಗ ಹೇಳಿ ಮುಗಿಸಿ, ಕ್ಲಾಸಿಗೆ ಹೊರಟವರನ್ನು ಬಾಗಿಲಲ್ಲೇ ಕಾಡಿಬೇಡಿ ನಿಲ್ಲಿಸಿಕೊಂಡಿದ್ದಳು. ಐದು ನಿಮಿಷ, ಬೇಗ ಹೇಳು ಎಂದರು ಪ್ರೊಫೆಸರಮ್ಮ.

ಇಂಪನಾ ಕಣ್ಣೊರೆಸಿಕೊಂಡು ಶುರುಮಾಡಿದಳಷ್ಟೇ, ಅತಿಥಿಗಳನ್ನು ಉಪ್ಪಿಟ್ಟಿಗೆ ಕರೆದೊಯ್ಯುತ್ತಿದ್ದ ಪ್ರಿನ್ಸಿಪಾಲರ ಕಣ್ಣಿಗೆ ಬಿದ್ದಳು.

"ಓಹೋ, ಮೇಡಂ ಲೈನಲ್ಲಿದಾರಾ!" ಫೋನು ಅವರ ಕೈಸೇರಿತು. "ನಮಸ್ಕಾರ ಮೇಡಂ! ಆನ್ ಬಿಹಾಫ್ ಆಫ್ ಅವರ್ ಮ್ಯಾನೇಜ್‌ಮೆಂಟ್..."

"ಸಾರ್, ಫೋನ್ ಕೊಡಿ."

ಅವರು ತಿರುಗಿಯೂ ನೋಡದೆ, ಇರು ಎಂದು ಕೈಯಾಡಿಸಿದರು. ಮೂರು ವರ್ಷದಲ್ಲಿ ಅವರೆದುರು ತಲೆಯೆತ್ತಿ ಮಾತಾಡದ ಹುಡುಗಿ. ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕೊಡಿ ಸಾರ್! ನಿಮ್ ಸ್ವಾಗತ ಆಯ್ತಲ್ಲ, ಇದು ನನ್ ಟೈಮು!"

ಕಿತ್ತುಕೊಂಡೇ ಬಿಟ್ಟಳು. ಶಿವರಾಮಯ್ಯನವರ ಶಾಲು ಜಾರಿತು, ಸುಧಾ ಮೇಡಂ ಬಾಯಿ ಮೇಲೆ ಕೈಯಿಟ್ಟುಕೊಂಡರು. ನಾಳೆ ಪ್ರಿನ್ಸಿಪಾಲರ ಕೋಣೆಗೆ ಕರೆ ಬರುತ್ತದೆ, ಅಪ್ಪನನ್ನು ಕರೆತರಲು ಹೇಳುತ್ತಾರೆ. ಹೇಳಲಿ. ಇಂಪನಾ ಅವರೆಲ್ಲರಿಗೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ, ಮಿಲ್ಲಿನಲ್ಲಿ ಪುಡಿ ತೊಳೆಯುವ ತೊಟ್ಟಿಯಿಂದ ತನ್ನ ಭಾಗ ಹೇಳಲು ಮೊದಲುಮಾಡಿದಳು.