ಮಾಲಕರ ಕಾರ್ಡಿನ ಬೀಗ

ಹೈಟೆಕ್ ಸಿಟಿಯಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಮಗೂ ಒಂದಿಷ್ಟು ಕಂಪ್ಯೂಟರ್ ಇರಲಿ ಎಂದು ನಾಚಾರಂನ ಪಂಪಿನ ಕಾರ್ಖಾನೆಯವರು ಹುಲಗೇಶನನ್ನು ಇಟ್ಟುಕೊಂಡಿದ್ದರು. ಊಟದ ಹೊತ್ತಿಗೆ ಎಲ್ಲರ ದನಿಯನ್ನೂ ಅಣಕಿಸಿ ನಗಿಸುವವನು ಅವನೇ, ಪಡೆದವರಷ್ಟೇ ತೆರೆಯಬಲ್ಲ, ಬೀಗ ಹಾಕಿದ ಇ-ಮೇಲ್ ತಂದವನೂ ಅವನೇ. ಆದರೆ ಮೂರು ತಿಂಗಳಿಂದ ಮಾಲಕ ಅಮರೇಶಪ್ಪನವರಿಗೆ ಒಂದು ಗುಟ್ಟಿನ ಪತ್ರವೂ ತೆರೆದಿರಲಿಲ್ಲ.

"ನಾಳೆ ಸಂಜಿ ಮಟ ಟೈಮ್. ಸರಿ ಆಗ್ಲಿಲ್ಲಂದ್ರ ನಿನ್ನ ಸಿಸ್ಟಮ್ಮೂ ಬ್ಯಾಡ, ನೀನೂ ಬ್ಯಾಡ," ಎಂದರು ಮಾಲಕರು.

ಸೇಲ್ಸ್ ಮ್ಯಾನೇಜರ್ ವೈಭವ ಮೂಗಿನಿಂದ ನಕ್ಕ. "ಹಾಕಾಕ ಬರ್ತೈತಿ, ತೆಗಿಯಾಕ ಬರಂಗಿಲ್ಲ. ನಿಮ್ಮ ರಾಯಚೂರಾಗ ಹಿಂಗ ಏನಲೇ ಹುಲಗ್ಯಾ?"

ಇಡೀ ಆಫೀಸು ನಕ್ಕಿತು. ಹುಲಗೇಶನೂ ಹಲ್ಲು ಕಚ್ಚಿಕೊಂಡೇ ನಕ್ಕ.

ಎಲ್ಲರೂ ವಿಳಾಸ ತೆಗೆದುಕೊಳ್ಳುವುದು ಒಂದೇ ಹಂಚಿಕೆಯ ಕಾಂಟ್ಯಾಕ್ಟ್ ಪಟ್ಟಿಯಿಂದ. ಒಬ್ಬೊಬ್ಬರಿಗೆ ಒಂದು ಕಾರ್ಡು. ಕಾರ್ಡಿನೊಳಗಿನ ಡಿಜಿಟಲ್ ಸರ್ಟಿಫಿಕೇಟೇ ಬೀಗ, ಅದರ ಕೀಲಿಕೈ ಅವರವರ ಕಂಪ್ಯೂಟರಿನಲ್ಲಿ. ಹುಲಗೇಶ ಇಷ್ಟು ದಿನ ಮಾಲಕರ ಕೀಲಿಕೈಯನ್ನೇ ಪರೀಕ್ಷಿಸಿ ಸೋತಿದ್ದ. ಇವತ್ತು ಬೀಗ ನೋಡಿದ. ಹೆಸರು ಅಮರೇಶಪ್ಪನವರದು, ಸರ್ಟಿಫಿಕೇಟು ವೈಭವನದು! ಮಾಲಕರ ಕಾರ್ಡು ತಿದ್ದುವ, ಅವರ ಅಂಚೆಪೆಟ್ಟಿಗೆ ನೋಡಿಕೊಳ್ಳುವ ಹಕ್ಕೂ ವೈಭವನಿಗಿತ್ತು. ಮಾಲಕರಿಗೆ ಬಂದದ್ದನ್ನೆಲ್ಲ ಓದುತ್ತಿದ್ದವನು ಅವನೊಬ್ಬನೇ.

ಕಾರ್ಡು ಸರಿಪಡಿಸಲು ಅರೆ ನಿಮಿಷ ಸಾಕಿತ್ತು. ಹುಲಗೇಶ ಕೈ ಹಿಂದೆಳೆದುಕೊಂಡ. ನೌಕರಿ ಉಳಿದರಷ್ಟೇ ಸಾಲದು. ಆ ಮೂಗಿನ ನಗು ಎಲ್ಲರೆದುರು ಇಳಿಯಬೇಕು.

ಅದೇ ಕಾರ್ಡಿನ ಬೀಗ ಹಾಕಿ ಮಾಲಕರಿಗೆ ಬರೆದ: "ತಾವು ಹೇಳಿದಂತೆ ಜರ್ಮನಿಯ ಪಂಪು ಮೇಳಕ್ಕೆ ಹೋಗುವವರ ಪಟ್ಟಿಯಿಂದ ವೈಭವ ಅವರ ಹೆಸರು ತೆಗೆದಿದ್ದೇನೆ." ಆಮೇಲೆ ಗೇಟಿನಾಚೆ ಚಹಾಕ್ಕೆ ಹೋದ.

ಚಹಾ ಅರ್ಧ ಕುಡಿಯುವಷ್ಟರಲ್ಲಿ ಮಾಲಕರಿಂದ ಕರೆ ಬಂತು. ಅವರ ಕೋಣೆಯಲ್ಲಿ ವೈಭವನೂ ನಿಂತಿದ್ದ. ಮಾಲಕರ ಕಂಪ್ಯೂಟರ್ ತೆರೆಯ ಮೇಲೆ, ಬೀಗ ಹಾಕದೆ ಕಳಿಸಿದ ವೈಭವನ ಸಿಟ್ಟಿನ ಮೇಲ್: ಹತ್ತು ವರ್ಷ ದುಡಿದವನ ಹೆಸರು ತೆಗೆಸಿದಿರಾ?

"ನಾ ಯಾವಾಗ ತಗಸೀನೋ? ಯಾರ್ ಹೇಳಿದ್ರು ನಿನಗ?"

ವೈಭವನ ಮುಖ ಬಿಳಿಚಿತು. "ನಾ ಕಳಿಸೇ ಇಲ್ರಿ! ಯಾರೋ ನನ್ನ ಹೆಸರಲೆ ಬರದಾರ."

"ಮಾಲಕ್ರ, ಮೇಲಿನ ಮೂಲ್ಯಾಗಿನ ಆ ಕೆಂಪು ರಿಬ್ಬನ್ ಚಿತ್ರ ಒತ್ರಿ," ಎಂದ ಹುಲಗೇಶ.

ಒತ್ತಿದರು. ವೈಭವನದೇ ಡಿಜಿಟಲ್ ಸಹಿ, ಒಂದಕ್ಷರವೂ ಬದಲಾಗಿಲ್ಲವೆಂಬ ಖಾತ್ರಿಯೊಂದಿಗೆ. ಹುಲಗೇಶ ತಾನು ಹಾಕಿದ ಗಾಳವನ್ನೂ ಕಾರ್ಡಿನೊಳಗಿನ ಬೀಗವನ್ನೂ ತೋರಿಸಿದ.

ಮಾಲಕರು ಹುಲಗೇಶನತ್ತ ತಿರುಗಿದರು. "ಹಳೇ ಪತ್ರ?"

"ಕಾರ್ಡು ಈಗ ಸರಿ ಮಾಡ್ತೀನ್ರಿ, ಹೊಸಾವು ಇನ್ನ ನಿಮಗ ತೆರೀತಾವ್ರಿ. ಹಳೇವು ವೈಭವ ಸಾಹೇಬ್ರ ಕೀಲಿಕೈಗೇ ತೆರಿಯೋದು."

"ಹಂಗಾರ ಅವನೇ ತೆರದು ಓದ್ಲಿ. ಬಾಗಿಲಾ ತಗದಿಡು, ಎಲ್ರೂ ಕೇಳ್ಲಿ."

ಹುಲಗೇಶ ಬಲು ಮರ್ಯಾದೆಯಿಂದ ಕುರ್ಚಿ ಸರಿಸಿಕೊಟ್ಟ. "ಜೋರಾಗಿ ಓದ್ರಿ ಸಾಹೇಬ್ರ."

ಮೊದಲನೆಯದು ಕಲಬುರಗಿ ಶಾಖೆಯಿಂದ: ವೈಭವ ಅವರು ಕೆಟ್ಟ ಮೋಟಾರುಗಳನ್ನು ಗೊತ್ತಿದ್ದೂ ಕಳಿಸುತ್ತಿದ್ದಾರೆ. ಎರಡನೆಯದೂ ಅದೇ. ಮೂರನೆಯದಕ್ಕೆ ವೈಭವನ ದನಿ ಉಡುಗಿತು.

"ಅವಗ ಆಗವಲ್ದು. ಹುಲಗೇಶಾ, ನೀ ಓದು."

ಹುಲಗೇಶ ಗಂಟಲು ಸರಿಮಾಡಿಕೊಂಡ. ಮೂಗಿನಿಂದ, ವೈಭವನದೇ ದನಿಯಲ್ಲಿ, ನಿಧಾನವಾಗಿ ಓದತೊಡಗಿದ. ಹೊರಗೆ ಯಾರೋ ನಗು ತಡೆಯಲಾಗದೆ ಕೆಮ್ಮಿದರು.

ಇನ್ನೂ ನಲವತ್ತಾರು ಪತ್ರಗಳಿದ್ದವು.