ಹುಳಕ್ಕೆ ಹಾಕಿದ ಹೆಪ್ಪು

ಶ್ರಾವಣದ ಜಿಟಿಜಿಟಿ ಮಳೆಯಲ್ಲೇ ಹಿರೇಬೆಂಡಿಗೇರಿಯ ಹೊಲಗಳಲ್ಲಿ ಕಳೆ ತೆಗೆಯುವ ಕೆಲಸ ನಡೆದಿತ್ತು. ಅಡಿವೆವ್ವನಿಗೆ ಮಾತ್ರ ಕೈ ಓಡುತ್ತಿರಲಿಲ್ಲ. ಅವಳ ಸೋಯಾಬೀನನ್ನು ಹುಳ ಮೇದು ಜರಡಿ ಮಾಡಿದ್ದವು. ಕೃಷಿ ವಿಶ್ವವಿದ್ಯಾಲಯದ ವಿದ್ಯಾಶ್ರೀ ಕೊಟ್ಟಿದ್ದ ಹುಳಕ್ಕೆ ರೋಗ ಹಚ್ಚುವ ಬೂಷ್ಟಿನ ಪುಡಿಯನ್ನು ನೀರಲ್ಲಿ ಕಲಸಿ, ಹೋದ ವಾರ ಸಂಜೆ ತಂಪಿನಲ್ಲಿ ಹೊಡೆದಿದ್ದಳು. ಹುಳ ಇನ್ನೂ ಮೇಯುತ್ತಲೇ ಇದ್ದವು.

"ಬೂಷ್ಟಿಗೆ ಹುಳ ಸಾಯ್ತಾವೇನಬೇ? ಅಂಗಡ್ಯಾಗಿನ ಹುಳದ ಎಣ್ಣಿ ಹೊಡಿ ಅಂದ್ರ ಕೇಳಲಿಲ್ಲ," ಎಂದು ಪಕ್ಕದ ಹೊಲದ ಹಾಲೇಶ ನಕ್ಕ.

"ಹೆಪ್ಪು ಹಾಕಿದ ಕೂಡ್ಲೆ ಮೊಸರಾಕ್ಕೇತೇನೋ? ತಡಿ," ಎಂದಳು. ಎಲೆ ಮಗುಚಿ ಮಗುಚಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಮರುದಿನ ಬೆಳಗ್ಗೆ ಬಂದವಳು ಬದುವಿನ ಮೇಲೇ ನಿಂತುಬಿಟ್ಟಳು. ಎಲೆ ಎಲೆಯ ಮೇಲೂ ಹುಳಗಳು ಸುಣ್ಣದಲ್ಲಿ ಅದ್ದಿದಂತೆ ಬೆಳ್ಳಗಾಗಿ, ಸೆಟೆದು ಅಂಟಿಕೊಂಡಿದ್ದವು. ಕಣ್ಣು ಹಾಯುವವರೆಗೂ ಬಿಳುಪು.

ಹಿಂದೆಯೇ ಬಂದ ಹಾಲೇಶ ಚಪ್ಪಲಿ ಕಳಚಿಟ್ಟು ಹೊಲಕ್ಕಿಳಿದ. ಸೆಟೆದ ಒಂದು ಹುಳವನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ನನಗೂ ಈ ಬೂಷ್ಟು ಒಂದೀಟು ಕೊಡ್ತೀಯೇನಬೇ?"

"ಹೆಪ್ಪು ಕೇಳಿದವರಿಗೆ ಇಲ್ಲ ಅನಬಾರದು, ಒಯ್ಯಿ. ಈ ಬಿಳಿ ಹುಳದ ಮೊದಲ ಡಬ್ಬಿ ಮಾತ್ರ ವಿದ್ಯಾಶ್ರೀಗೆ. ಸತ್ತ ಹುಳದಿಂದನ ಮತ್ತ ಪುಡಿ ಮಾಡ್ತಾರಂತ. ಇಸಗೊಂಡದ್ದು ತಿರುಗಿ ಮುಟ್ಟಿಸಬೇಕು."

ಬಿಳಿ ಹುಳಗಳನ್ನು ಅವಳು ಒಂದೊಂದಾಗಿ, ಮೆತ್ತಗೆ, ಡಬ್ಬಿಗೆ ಹಾಕತೊಡಗಿದಳು.